ಸೆನೆಟರನ ಕುರ್ಚಿ

ನನ್ನ ಮಗಳು ಶಾಲೆಯಲ್ಲಿ ಒಬ್ಬ ಅಮೆರಿಕನ್ ಸೆನೆಟರನ ಬದುಕಿನ ಬಗ್ಗೆ ಭಾಷಣ ಮಾಡಬೇಕಿತ್ತು. ಹತ್ತೊಂಬತ್ತನೇ ಶತಮಾನದವನು, ಗುಲಾಮಗಿರಿಯ ಕಡುವೈರಿ. ಕುವೈತಿನ ಫಹಾಹೀಲ್‌ನ ನಮ್ಮ ಫ್ಲ್ಯಾಟಿನಲ್ಲಿ ವಾರವಿಡೀ ಅವನದೇ ಜಪ. ರೊಟ್ಟಿ ಬಡಿಯುವಾಗಲೂ ಆ ಮಹಾಶಯ ನನ್ನ ಕಿವಿ ಬಿಡಲಿಲ್ಲ.

ಶುಕ್ರವಾರ ಊಟಕ್ಕೆ ನನ್ನ ಗಂಡನ ಊರಿನವನೇ ಆದ ವೆಲ್ಡರ್ ಬಂದ. ಮಹಬೂಲಾದ ಕಾರ್ಮಿಕರ ಕ್ಯಾಂಪಿನಲ್ಲಿದ್ದವನು, ವಾರಕ್ಕೊಮ್ಮೆ ನನ್ನ ಜೋಳದ ರೊಟ್ಟಿಗೆ ತಪ್ಪದೆ ಹಾಜರು. ಅಂದು ಅವನ ಮುಖ ಬಾಡಿತ್ತು. ಕೆಲಸಗಾರರ ಪಾಸ್‌ಪೋರ್ಟುಗಳನ್ನೆಲ್ಲ ಕಂಪನಿ ತನ್ನ ಬೀರುವಿನಲ್ಲಿಟ್ಟುಕೊಂಡಿತ್ತು. ಅವನ್ನು ವಾಪಸ್ ಕೊಡಿ ಎಂದು ಎಲ್ಲರ ಪರವಾಗಿ ಇವನೊಬ್ಬನೇ ಸಾಹೇಬರನ್ನು ಕೇಳಿದ್ದ. ಭಾನುವಾರ ಕ್ಷಮೆ ಕೇಳದಿದ್ದರೆ ಇಲ್ಲಿರಲು ಕೊಟ್ಟ ಇಕಾಮಾ ರದ್ದು, ನೇರ ಊರಿಗೆ ಎಂದಿದ್ದರಂತೆ ಅವರು.

"ಒಂದ್ ಸಲ ತಪ್ಪಾತು ಅಂದ್ಬಿಡಪಾ, ನಿಂದೇನ್ ಗಂಟ್ ಹೋಗ್ತದ?" ಎಂದೆ. ನ್ಯಾಯ ಅವನ ಕಡೆಗಿದೆಯೆಂದು ನನಗೇನು ಗೊತ್ತಿರಲಿಲ್ಲವೇ? ಕೆಲಸ ಹೋಗುತ್ತದಲ್ಲ ಎಂಬ ಸಂಕಟಕ್ಕೆ ಅವನ ಮೇಲೆಯೇ ಸಿಟ್ಟು ಬಂದಿತ್ತು.

ಊಟವಾದ ಮೇಲೆ ಮಗಳು ಭಾಷಣ ಒಪ್ಪಿಸಿದಳು. ಗುಲಾಮಗಿರಿಯನ್ನು ಖಂಡಿಸಿದ್ದಕ್ಕೆ ಆ ಸೆನೆಟರನನ್ನು ಸಭಾಂಗಣದೊಳಗೇ ಒಬ್ಬ ಸಂಸದ ಬೆತ್ತದಿಂದ ಪ್ರಜ್ಞೆ ತಪ್ಪುವ ಹಾಗೆ ಹೊಡೆದ. ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಅವನ ರಾಜ್ಯದವರು ಬೇರೆಯವರನ್ನು ಕಳಿಸಲಿಲ್ಲ. ಅವನನ್ನೇ ಮತ್ತೆ ಆರಿಸಿ, ಅವನ ಕುರ್ಚಿಯನ್ನು ಖಾಲಿ ಬಿಟ್ಟರು. ಅವನು ಮರಳಿ ಬಂದು ಅದೇ ಮಾತನ್ನು ಮತ್ತೆ ಆಡಿದ.

ಅವಳ ಇಂಗ್ಲಿಷನ್ನು ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡು ವೆಲ್ಡರ್ ನಕ್ಕ. "ಚಲೋ ಮಂದಿ ಬಿಡ್ರಿ ವೈನಿ. ನಮ್ಮ ಕ್ಯಾಂಪಿನ್ಯಾಗ ಒಬ್ಬಾಂವ ಹೋದ್ರ, ಹಾಸಿಗಿ ಬಿಸಿ ಆರೂದ್ರಾಗ ಇನ್ನೊಬ್ಬಾಂವ ಬಂದ್ ಮಲಗಿರ್ತಾನ."

ಭಾನುವಾರ ಅವನು ಕ್ಷಮೆ ಕೇಳಲಿಲ್ಲ. ಕಂಪನಿ ಖಲಾಸ್ ಅಂದಿತು. ಅವನ ಪಾಸ್‌ಪೋರ್ಟ್ ಅವನ ಕೈಗೆ ಸಿಕ್ಕಿದ್ದು ವಿಮಾನ ನಿಲ್ದಾಣದಲ್ಲಿ. ದಾರಿಗೆಂದು ನಾಲ್ಕು ರೊಟ್ಟಿ ಕಟ್ಟಿಕೊಡಲೂ ಆಗಲಿಲ್ಲವಲ್ಲ ಎಂದು ಅತ್ತುಬಿಟ್ಟೆ.

ಅವನು ಬಿಟ್ಟುಹೋಗಿದ್ದ ಚೀಲ ತರಲು ಮುಂದಿನ ಶುಕ್ರವಾರ ನನ್ನ ಗಂಡ ಕ್ಯಾಂಪಿಗೆ ಹೋದರು. ಬಂದವರೇ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಅವನ ಜಾಗಕ್ಕೆ ಕಂಪನಿ ಹೊಸಬನನ್ನು ಕಳಿಸಿದೆಯಂತೆ. ಕೋಣೆಯವರು ಪಾಳಿಯ ಮೇಲೆ ಆ ಹೊಸಬನಿಗೆ ತಮ್ಮ ಹಾಸಿಗೆ ಬಿಟ್ಟುಕೊಟ್ಟು ನೆಲದ ಮೇಲೆ ಮಲಗುತ್ತಿದ್ದಾರಂತೆ. ಕಿಟಕಿ ಪಕ್ಕದ ಹಾಸಿಗೆ ಮಾತ್ರ ಹಾಗೇ ಖಾಲಿ. ಯಾಕೆಂದು ಇವರು ಕೇಳಿದ್ದಕ್ಕೆ ಅಲ್ಲಿಯವನೊಬ್ಬ ಹೇಳಿದನಂತೆ:

"ಆ ಅಮೆರಿಕಾದಾಂವನ ಕುರ್ಚಿ ಖಾಲಿ ಇಟ್ಟಿದ್ರಂತಲ್ರಿ ಅಣ್ಣಾರ. ಇದು ನಮ್ಮಾಂವಂದು."