ಆರು ಸುತ್ತು ಓಡಿದ ಎಂಜಿನ್

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನು. ಭೌತಶಾಸ್ತ್ರದಲ್ಲಿ ಪದವಿ ಪಡೆದಿದ್ದೆ. ಕಾರಣವಿಲ್ಲದೆ ಯಾವ ವಸ್ತುವೂ ಅಲುಗುವುದಿಲ್ಲವೆಂದು ಖಚಿತವಾಗಿ ತಿಳಿದಿದ್ದೆ. ಈಗಲೂ ದೆವ್ವ, ಪವಾಡಗಳ ಪರ ವಾದಿಸಲಾರೆ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಮಂಗಳೂರಿನ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ನಾನು ಸಹಾಯಕನಾಗಿದ್ದೆ. ಅಲ್ಲಿದ್ದ ಹಳೆಯ ಮಾದರಿ ರೈಲು ಎಂಜಿನ್‌ಗಳನ್ನು ಸರಿಪಡಿಸುವುದು, ಯಾರು, ಯಾವಾಗ ಮಾಡಿದ್ದೆಂದು ಹುಡುಕಿ ಬರೆದಿಡುವುದು ನನ್ನ ಕೆಲಸ. ಒಟ್ಟು ಒಂಬತ್ತು ಇದ್ದವು. ಎಂಟು ಬರೇ ನೋಡುವುದಕ್ಕೆ. ಮೊಳದುದ್ದದ ಒಂದು ಹಿತ್ತಾಳೆಯ ಎಂಜಿನ್ ಮಾತ್ರ ನಿಜವಾಗಿ ಉಗಿಯಲ್ಲಿ ಓಡುವಂಥದ್ದು. ಬಾಯ್ಲರಿಗೆ ನೀರು ತುಂಬಿ ಕೆಳಗೆ ಸ್ಪಿರಿಟ್ ದೀಪ ಹಚ್ಚಬೇಕು. ಜೆಪ್ಪುವಿನ ಒಬ್ಬ ಶೆಟ್ಟರು ಮನೆಯಲ್ಲೇ ಕೂತು ಮಾಡಿದ್ದು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಮ್ಯೂಸಿಯಮ್ಮಿಗೆ ಕಳುಹಿಸಿಕೊಟ್ಟಿದ್ದರು.

ರಿಪೇರಿಗೆ ನನ್ನ ಜತೆಯಾದವರು ಬಂದರಿನ ಇದಿನಬ್ಬ. ಲಾಂಚ್ ದೋಣಿಗಳ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸಿಯೇ ವಯಸ್ಸಾದವರು. ಚಕ್ರಗಳನ್ನೆಲ್ಲ ಸರಿಮಾಡಿದ ಮೇಲೆ ಬಾಯ್ಲರಿನ ಬೆಸುಗೆ ಬಿಡಿಸಲು ಹೊರಟರು. ನಾನು ತಡೆದೆ. ತಯಾರಿಸಿದವನ ಕೈಯ ಬೆಸುಗೆಯನ್ನು ಮುಟ್ಟಬಾರದೆಂಬುದು ನಮ್ಮಲ್ಲಿನ ನಿಯಮ.

“ಒಳಗೆ ಎಂತ ಉಂಟು ಅಂತ ನೋಡದೆ ಬೆಂಕಿ ಇಡುವುದಾ?” ಎಂದರು ಇದಿನಬ್ಬ.

“ಬೆಸುಗೆ ಬಿಡಿಸಿದ್ರೆ ಅದು ಶೆಟ್ಟರ ಎಂಜಿನ್ ಆಗಿ ಉಳಿಯುವುದಿಲ್ಲ.”

“ಒಡೆದ್ರೆ ಉಳೀತದಾ? ಕಾಲೇಜು ಕಲಿತವರಿಗೆ ಹೇಳಿ ಪೂರೈಸ್ಲಿಕ್ಕೆ ಉಂಟಾ ಮಾರಾಯ್ರೆ!”

ನಾನು ನಕ್ಕುಬಿಟ್ಟೆ. ಆ ಭಾನುವಾರ ಕೊಡಿಯಾಲ್‌ಬೈಲಿನ ಶಾಲೆಯೊಂದರ ಮಕ್ಕಳು ಬರುವವರಿದ್ದರು. ಅವರಿಗೆ ಎಂಜಿನ್ ಓಡಿಸಿ ತೋರಿಸಬೇಕೆಂಬುದು ನನ್ನ ಹಟ.

ಇಪ್ಪತ್ತೆರಡು ಮಕ್ಕಳು ಬಂದರು. ನೆಲದ ಮೇಲೆ ದುಂಡಗೆ ಜೋಡಿಸಿದ ಹಳಿಯ ಸುತ್ತ ಕುಳಿತರು. ಬಿರಡೆ ತೆಗೆದು ನಾನೇ ಅಳೆದು ಎರಡು ಲೋಟ ನೀರು ಹಾಕಿ ಬಿರಡೆ ಬಿಗಿದೆ, ದೀಪ ಹಚ್ಚಿದೆ. ಹದಿನೈದು ನಿಮಿಷವಾದರೂ ಎಂಜಿನ್ ಅಲುಗಲಿಲ್ಲ. ಒತ್ತಡ ತೋರಿಸುವ ಮುಳ್ಳು ಎಂದೋ ಮುರಿದುಹೋಗಿದ್ದರಿಂದ ಒಳಗೆ ಏನಾಗುತ್ತಿದೆಯೆಂದು ತಿಳಿಯುವ ಹಾಗಿರಲಿಲ್ಲ. ಎರಡು ಜಡೆಯ ಹುಡುಗಿಯೊಬ್ಬಳು ಬಗ್ಗಿ ನೋಡಿ, “ಸರ್, ಬಸ್ಸಿನ ಹಾಗೆ ಇದನ್ನೂ ನೂಕ್ಬೇಕಾ?” ಎಂದಳು. ಎಲ್ಲರೂ ನಕ್ಕರು.

ಆಗ ಎಂಜಿನ್ ಹೊರಟಿತು. ಯಾರೂ ಮುಟ್ಟಿರಲಿಲ್ಲ. ಚಿಮಣಿಯಿಂದ ಬಿಳಿ ಉಗಿ ಬಂದದ್ದನ್ನು ನಾನೂ ಇದಿನಬ್ಬರೂ ನೋಡಿದೆವು. ಮಕ್ಕಳು ಎದ್ದು ಹಿಂದೆ ಸರಿದು ಗಟ್ಟಿಯಾಗಿ ಸುತ್ತು ಎಣಿಸತೊಡಗಿದರು. ಆರನೆಯದಕ್ಕೆ ಟೀಚರು ತಿಂಡಿಗೆ ಕರೆದರು. ಕೊನೆಯ ಮಗು ಬಾಗಿಲು ದಾಟಿತು, ಎಂಜಿನ್ ನಿಂತಿತು. ದೀಪ ಇನ್ನೂ ಉರಿಯುತ್ತಿತ್ತು. ಇದಿನಬ್ಬ ಒದ್ದೆ ಗೋಣಿ ಹೊದೆಸಿ ಅದನ್ನು ಆರಿಸಿದರು.

ತಣಿದ ಮೇಲೆ ನೀರು ಬಸಿದೆವು. ಭರ್ತಿ ಎರಡು ಲೋಟ. ಈ ಸಲ ಬೆಸುಗೆ ಬಿಡಿಸುವಾಗ ನಾನು ತಡೆಯಲಿಲ್ಲ. ಬಾಯ್ಲರಿನಿಂದ ಸಿಲಿಂಡರಿಗೆ ಉಗಿ ಹೋಗುವ ಕೊಳವೆಯ ಉದ್ದಕ್ಕೂ ಸೀಸ ಎರೆದಿತ್ತು. ಒತ್ತಡ ಹೆಚ್ಚಾದರೆ ತೆರೆದುಕೊಳ್ಳಬೇಕಾದ ಸೇಫ್ಟಿ ವಾಲ್ವಿನ ಒಳಬದಿಯಲ್ಲೂ ಸೀಸ. ಎಲ್ಲಿಯೂ ಕರಗಿದ ಗುರುತಿಲ್ಲ. ಇದಿನಬ್ಬ ತಂತಿ ತೂರಿಸಿ ನೋಡಿದರು, ಊದಿ ನೋಡಿದರು. ಕೂದಲೆಳೆಯಷ್ಟೂ ದಾರಿಯಿರಲಿಲ್ಲ.

“ಇದು ಓಡ್ಲಿಕ್ಕೇ ಇಲ್ಲ ಸರ್. ಒಡೀಬೇಕಿತ್ತು,” ಎಂದು ಅವರು ಮಕ್ಕಳು ಕುಳಿತಿದ್ದ ಜಾಗವನ್ನು ನೋಡಿದರು.

ಮರುದಿನ ಜೆಪ್ಪುವಿಗೆ ಹೋಗಿ ಶೆಟ್ಟರ ಪತ್ನಿಗೆ ನಡೆದದ್ದನ್ನೆಲ್ಲ ಹೇಳಿ, ಸೀಸದ ವಿಷಯ ಕೇಳಿದೆ. “ಸೀಸ ಎರೆದದ್ದು ಅವರೇ,” ಎಂದರು. “ಒಮ್ಮೆ ಹಬೆ ಬಡಿದು ಅವರ ಮುಖ ಬೆಂದಿತ್ತು. ಇನ್ನು ಇದು ಯಾರ ಕೈಯಲ್ಲೂ ಓಡ್ಬಾರ್ದು ಅಂತ ಎಲ್ಲ ದಾರಿ ಮುಚ್ಚಿದ್ರು. ಗೊತ್ತಿಲ್ಲದವರು ಬೆಂಕಿ ಇಟ್ಟಾರು ಅಂತ ಅವರಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ.” ಮತ್ತೆ, “ಮಕ್ಕಳಿಗೆ ಎಂತ ಆಗ್ಲಿಲ್ಲವಲ್ಲ?” ಎಂದರು. ಇಲ್ಲವೆಂದೆ.

ನನ್ನ ಟಿಪ್ಪಣಿಯಲ್ಲಿ ಆರು ಸುತ್ತು ಓಡಿತೆಂದೂ ಬರೆದೆ, ಉಗಿಯ ಕೊಳವೆ ಪೂರ್ತಿ ಮುಚ್ಚಿತ್ತೆಂದೂ ಬರೆದೆ. ಎರಡರಲ್ಲಿ ಒಂದನ್ನು ಹೊಡೆದುಹಾಕು ಎಂದರು ಮೇಲಿನವರು. ಯಾವುದನ್ನು ಹೊಡೆಯಲಿ? ಎರಡೂ ನಿಜ. ಇಷ್ಟು ವರ್ಷ ಯೋಚಿಸಿಯೂ ಎರಡನ್ನು ಕೂಡಿಸುವ ಮಾತು ನನಗೆ ಸಿಕ್ಕಿಲ್ಲ.

ಆ ಆರು ಸುತ್ತುಗಳಿಗಿಂತ ಅದಕ್ಕೆ ಮೊದಲಿನ ಹದಿನೈದು ನಿಮಿಷವೇ ನನಗೆ ಹೆಚ್ಚು ನೆನಪಾಗುತ್ತದೆ. ದೀಪ ಉರಿಯುತ್ತಿದೆ, ಮಕ್ಕಳು ಬಗ್ಗಿದ್ದಾರೆ. ಹತ್ತಿರ ಬನ್ನಿ, ಇನ್ನೂ ಹತ್ತಿರ ಬನ್ನಿ, ಚೆನ್ನಾಗಿ ಕಾಣುತ್ತದೆ ಎಂದು ಅವರನ್ನು ಕರೆದವನು ನಾನೇ.