ಹಾಟೋ, ಕೋಲ್ಡೋ?

ನನ್ನನ್ನು ಸಂಶಯಪಿಶಾಚಿ ಎನ್ನುವವರು ಒಂದು ಮಾತು ಮರೆಯುತ್ತಾರೆ. ನಾನು ಹುಟ್ಟಿನಿಂದ ಹಾಗಿರಲಿಲ್ಲ. ಬಸಳೆ ಸೊಪ್ಪಿನ ಕಟ್ಟಿನೊಳಗೆ ಎಂತ ಉಂಟೆಂದು ಬಿಚ್ಚಿ ನೋಡದೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ, ಬಸ್ಸಿನ ಕಂಡಕ್ಟರು "ಚಿಲ್ಲರೆ ಆಮೇಲೆ" ಎಂದರೆ "ಆಗಲಿ" ಎನ್ನುತ್ತಿದ್ದ ಸಾಧುಪ್ರಾಣಿ ನಾನು. ನನ್ನನ್ನು ಕೆಡಿಸಿದ್ದು ಬೆರಳುದ್ದದ ಒಂದು ಸ್ಪಾರ್ಕ್ ಪ್ಲಗ್.

ಎಪ್ಪತ್ತರ ದಶಕದ ಕೊನೆಯ ಮಾತಿದು. ನಾನು ಉಡುಪಿಯ ಕಾಲೇಜೊಂದರಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದೆ. ಹೆಂಡತಿ ವಾರಿಜ ಕಾಪುವಿನ ಶಾಲೆಯಲ್ಲಿ ಕನ್ನಡ ಟೀಚರು. ಅವಳನ್ನು ದಿನಾ ಬಿಡಲು ಅನುಕೂಲವೆಂದು ನಾನೊಂದು ಹಳೆಯ ಮೋಟಾರು ಸೈಕಲ್ಲು ಕೊಂಡೆ. ಬ್ರಿಟಿಷರ ಕಾಲದ್ದಂತೆ. ಘಟ್ಟದ ಮೇಲಿನ ಕಾಫಿ ತೋಟದ ಯಾವನೋ ದೊರೆಯದ್ದಂತೆ. ಆತ ಭಾನುವಾರ ಇಗರ್ಜಿಗೆ ಹೋಗಲು ಮಾತ್ರ ಇದನ್ನು ಹೊರಗೆ ತೆಗೆಯುತ್ತಿದ್ದನಂತೆ. ನಮ್ಮ ಭಾಷೆಗೆ ಈ 'ಅಂತೆ'ಯನ್ನು ಕೊಟ್ಟ ಮಹಾನುಭಾವ ಹಳೆಯ ಗಾಡಿಗಳ ದಲ್ಲಾಳಿಯೇ ಇರಬೇಕು. ಹೇಳಿದವನಿಗೆ ಹೊಣೆಯಿಲ್ಲ, ಕೇಳಿದವನಿಗೆ ಗತಿಯಿಲ್ಲ.

ತರ್ಕಶಾಸ್ತ್ರದ ಮೊದಲ ಪಾಠವೇ ಹೊಗೆ ಮತ್ತು ಬೆಂಕಿ. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಉಂಟೆಂದು ತಿಳಿಯಬೇಕು. ಎಷ್ಟೋ ವರ್ಷ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟವನು ನಾನು. ಆದರೆ ಉದ್ಯಾವರದ ಸೇತುವೆ ದಾಟಿದ ಕೂಡಲೇ ನನ್ನ ಬೈಕು ಆ ಶಾಸ್ತ್ರವನ್ನು ಖಂಡಿಸಿ ನಿಂತುಬಿಡುತ್ತಿತ್ತು. ಹೊಗೆ ಧಾರಾಳ, ಬೆಂಕಿ ಮಾತ್ರ ಇಲ್ಲ. ಪೂರ್ವಾಚಾರ್ಯರು ಯಾರೂ ಬೈಕು ಇಟ್ಟುಕೊಂಡವರಲ್ಲ ಎಂದು ನನಗೆ ಅಂದೇ ಖಾತ್ರಿಯಾಯಿತು.

ಕಾಪುವಿನ ಹೆದ್ದಾರಿ ಬದಿಯಲ್ಲಿ ಗ್ಯಾರೇಜು ಇಟ್ಟಿದ್ದ ಸದಾನಂದ ನೋಡಿ, "ಕಿಡಿ ಹಾರಿಸುವ ಪ್ಲಗ್ ಹೋಗಿದೆ ಮಾರಾಯ್ರೆ, ಹೊಸತು ತನ್ನಿ" ಎಂದ. ಉಡುಪಿಯ ಬಿಡಿಭಾಗದ ಅಂಗಡಿಗೆ ಹೋದೆ. ಏಪ್ರಿಲಿನ ಮಧ್ಯಾಹ್ನ, ಅಂಗಿ ಬೆನ್ನಿಗೆ ಅಂಟಿತ್ತು. ಅಂಗಡಿಯ ಯಜಮಾನರಾದ ಪ್ರಭುಗಳು ಮರ್ಯಾದಸ್ಥರು. "ನಿಮಗೆ ಹಾಟ್ ಆಗಬೇಕಾ, ಕೋಲ್ಡ್ ಆಗಬೇಕಾ?" ಎಂದು ಕೇಳಿದರು. ಇಂಥ ಉಪಚಾರಕ್ಕೆ ನನಗೆ ಬಹಳ ಸಂತೋಷವಾಯಿತು. "ಈ ಸೆಖೆಗೆ ಕೋಲ್ಡೇ ಆಗಬಹುದು" ಎಂದೆ. ಅವರು ಪ್ಲಗ್ಗನ್ನು ಪೊಟ್ಟಣ ಕಟ್ಟಿ ಕೊಟ್ಟರು. ಆಮೇಲೂ ನಾನು ಸ್ಟೂಲಿನ ಮೇಲೆ ಕೂತು ಶರಬತ್ತು ಬರುವುದನ್ನು ಕಾದೆ. ಬರಲಿಲ್ಲ. ಪ್ರಭುಗಳ ಬಗ್ಗೆ ನನಗೆ ಮೊದಲ ಸಂಶಯ ಹುಟ್ಟಿದ್ದು ಹೀಗೆ.

ಆ ಪ್ಲಗ್ ಹಾಕಿದ ಮೇಲೆ ಬೈಕು ನಿಲ್ಲುವ ಮೊದಲು ಕೆಮ್ಮಲು ಕಲಿಯಿತು. ಒಂದು ಬೆಳಿಗ್ಗೆ ಕಟಪಾಡಿಯಲ್ಲಿ ಕೆಮ್ಮಿ ಕೆಮ್ಮಿ ನಿಂತೇಹೋಯಿತು. ವಾರಿಜ ಶಾಲೆ ಮುಟ್ಟುವಾಗ ಮಕ್ಕಳ ಪ್ರಾರ್ಥನೆ ಮುಗಿದು ಹೆಡ್ಮಾಸ್ತರರು ಗೇಟಿನಲ್ಲಿ ನಿಂತಿದ್ದರು. ಸದಾನಂದ ಪ್ಲಗ್ ಬಿಚ್ಚಿದ. ಮಸಿ ಹಿಡಿದು ಕಾವಲಿಯ ತಳದ ಹಾಗೆ ಆಗಿತ್ತು. "ಇದಕ್ಕೆ ಕೋಲ್ಡ್ ಹಾಕಿದ್ದು ಯಾರು? ಹಾಟ್ ಆಗ್ಬೇಕು" ಎಂದ.

ನನಗೆ ಇದು ಸುತಾರಾಂ ಒಪ್ಪಿಗೆಯಾಗಲಿಲ್ಲ. ನಮ್ಮಲ್ಲಿ ಉಷ್ಣ-ತಂಪು ಎಂದರೆ ಸಣ್ಣ ವಿಷಯವೇ? ಕಣ್ಣು ಉರಿದರೆ ಎಳನೀರು, ಶೀತವಾದರೆ ಕಾಳುಮೆಣಸಿನ ಕಷಾಯ. ಇದನ್ನು ತಪ್ಪಿಸಿ ನಮ್ಮ ಮನೆಯಲ್ಲಿ ಯಾರೂ ಒಂದು ತುತ್ತು ಉಂಡವರಲ್ಲ. ಮುಟ್ಟಿದರೆ ಕೈ ಸುಡುವ ಎಂಜಿನ್ನಿಗೆ ಹಾಟ್ ಪ್ಲಗ್ ಹಾಕುವುದೆಂದರೆ ಜ್ವರದವನಿಗೆ ಹಲಸಿನಹಣ್ಣು ತಿನ್ನಿಸಿದ ಹಾಗಲ್ಲವೇ? ಈತ ಪ್ರಭುಗಳ ಜೊತೆ ಶಾಮೀಲಾಗಿರಬೇಕೆಂದು ನಿಶ್ಚಯಿಸಿ ಮಣಿಪಾಲಕ್ಕೆ ಹೋದೆ. ಅಲ್ಲಿ ಎಂಜಿನಿಯರಿಂಗ್ ಹೇಳುವ ಗೆಳೆಯನೊಬ್ಬ ಬೋರ್ಡಿನ ಮೇಲೆ ಚಿತ್ರ ಬರೆದು ತಿಳಿಸಿದ. ಹಾಟ್ ಪ್ಲಗ್ ತನ್ನ ತುದಿಯಲ್ಲಿ ಬಿಸಿ ಉಳಿಸಿಕೊಂಡು ಮಸಿಯನ್ನು ಸುಟ್ಟುಕೊಳ್ಳುತ್ತದೆ, ಕೋಲ್ಡ್ ಪ್ಲಗ್ ಬಿಸಿಯನ್ನು ಬೇಗ ದಾಟಿಸಿಬಿಡುತ್ತದೆ, ಎಣ್ಣೆ ಕುಡಿಯುವ ಮುದಿ ಎಂಜಿನ್ನಿಗೆ ಹಾಟೇ ಸರಿ, ಎಂದ. ಎಲ್ಲವೂ ಅರ್ಥವಾಯಿತು. ಆದರೆ ಹೊರಗೆ ಬಂದಾಗ ಆತ ಸ್ವತಃ ಓಡಾಡುವುದು ಸ್ಕೂಟರಿನಲ್ಲಿ ಎಂದು ಕಂಡು ಮತ್ತೆ ಸಂಶಯ ಬಂತು.

ಆದರೂ ಹಾಟ್ ಕೊಂಡೆ. "ಒರಿಜಿನಲ್ಲಾ?" ಎಂದು ಪ್ರಭುಗಳನ್ನು ಕೇಳಿದೆ. ಅವರ ಅಂಗಡಿಯಲ್ಲಿ ಒರಿಜಿನಲ್, ಪ್ಯೂರ್ ಒರಿಜಿನಲ್, 'ನಮ್ಮ ಮನೆಯ ಗಾಡಿಗೆ ಹಾಕುವುದು' ಎಂದು ಮೂರು ಅಂತಸ್ತು ಇತ್ತು. ಮೂರನೆಯದನ್ನು ತಂದು, ಸದಾನಂದ ಬದಲಾಯಿಸದ ಹಾಗೆ ಅದರ ಮೇಲೆ ಮೊಳೆಯಿಂದ ಗುರುತು ಗೀರಿದೆ. ಬೈಕು ಕೆಮ್ಮು ಬಿಟ್ಟಿತು. ನಾನು ಬಿಡಬೇಕಲ್ಲ! ದಿನಾ ಸಂಜೆ ಪ್ಲಗ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದೆ.

ವಾರಿಜಳಿಗೆ ಸಾಕಾಗಿಹೋಯಿತು. "ತಂಗಿಯ ನಿಶ್ಚಿತಾರ್ಥಕ್ಕೆ ಕಾರ್ಕಳಕ್ಕೆ ಇದರಲ್ಲೇ ಹೋಗುವ" ಎಂದಳು. "ದಾರಿಯಲ್ಲಿ ಎಲ್ಲಿಯಾದರೂ ನಿಂತಿತಾ, ಅಲ್ಲಿಯೇ ಯಾರಿಗಾದರೂ ಮಾರಿ ಬಸ್ಸು ಹತ್ತುವುದು. ಆಗಬಹುದಾ?" ಆಗುವುದಿಲ್ಲ ಎಂದರೆ ನನ್ನ ಬೈಕಿನ ಮೇಲೆ ನನಗೇ ನಂಬಿಕೆಯಿಲ್ಲ ಎಂದ ಹಾಗೆ. ಒಪ್ಪಿದೆ. ಅವಳಿಗೆ ಇದು ತೊಲಗಿದರೆ ಸಾಕಾಗಿದೆ ಎಂದು ಮನಸ್ಸಿನಲ್ಲೇ ಕೊರಗಿದೆ. ನನಗೋ ಆ ಮುದಿ ಗಾಡಿಯ ಮೇಲೆ ಪ್ರಾಣವೇ ಇತ್ತು.

ಆ ದಿನ ಬೈಕು ಓಡಿದ್ದೇ ಓಡಿದ್ದು. ಮಣಿಪಾಲದ ಏರು ಹತ್ತಿತು, ಪರ್ಕಳ ಇಳಿಯಿತು, ಹಿರಿಯಡ್ಕ ದಾಟಿತು. ಇಷ್ಟು ಚೆನ್ನಾಗಿ ಓಡುವುದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಎದೆ ಹೊಡೆದುಕೊಳ್ಳತೊಡಗಿತು.

"ವಾರಿಜಾ, ಶಬ್ದ ಸರಿ ಉಂಟಾ?"

"ಉಂಟು."

"ಟಿಣ್ ಅಂತ ಎಂತದೋ ಕೇಳಿತಲ್ಲ?"

"ಅದು ನನ್ನ ಬಳೆ."

"ಸುಟ್ಟ ವಾಸನೆ?"

"ಆಚೆ ಗದ್ದೆಯಲ್ಲಿ ತರಗೆಲೆ ಸುಟ್ಟು ಸುಡುಮಣ್ಣು ಮಾಡ್ತಾ ಇದ್ದಾರೆ. ನೀವು ಮುಂದೆ ನೋಡಿ ಬಿಡಿ, ಮಾರಾಯ್ರೆ."

ಬೈಲೂರಿನಲ್ಲಿ ತಡೆಯಲಾಗಲಿಲ್ಲ. ಬೈಕನ್ನು ಬದಿಗೆ ತಂದು, ಎಂಜಿನ್ ಆರಿಸಿ, ಸ್ಪ್ಯಾನರು ಹಾಕಿ ಪ್ಲಗ್ ಬಿಚ್ಚಿದೆ. ಹದವಾಗಿ ಹುರಿದ ಗೇರುಬೀಜದ ಬಣ್ಣ! ದೇವರಾಣೆ, ಅಷ್ಟು ಚೆಂದದ ಪ್ಲಗ್ಗನ್ನು ನಾನು ಕಂಡಿರಲಿಲ್ಲ. ಆ ಸಂತೋಷದಲ್ಲಿ ಬರಿಗೈಯಿಂದ ಹಿಡಿದುಬಿಟ್ಟೆ. ಆಷಾಢದ ಏಕಾದಶಿಗೆ ಮಠದಲ್ಲಿ ಕಾಯಿಸಿ ಮೈಗೆ ಒತ್ತಿಸಿಕೊಳ್ಳುವ ತಪ್ತಮುದ್ರೆ ಆ ವರ್ಷ ನನಗೆ ಬೈಲೂರಿನಲ್ಲೇ ಆಯಿತು. ಪ್ಲಗ್ ಕೈಯಿಂದ ಹಾರಿ ಚರಂಡಿಯ ಹುಲ್ಲಿನೊಳಗೆ ಬಿತ್ತು.

ರೇಷ್ಮೆ ಸೀರೆಯ ವಾರಿಜ ಒಂದು ಕಡೆ, ಪಂಚೆ ಎತ್ತಿಕಟ್ಟಿದ ನಾನು ಒಂದು ಕಡೆ ಹುಲ್ಲು ಬಿಡಿಸಿ ಹುಡುಕುವಾಗ, ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಬಂದು, "ನಿಂತಿತಾ?" ಎಂದು ಕೇಳಿದರು.

ಆ ಕ್ರಿಯಾಪದ ಕೇಳಿ ನನ್ನ ಜೀವ ಹಾರಿತು. "ನಿಂತದ್ದಲ್ಲ, ನಿಲ್ಲಿಸಿದ್ದು" ಎಂದೆ.

"ಎಲ್ಲರೂ ಹಾಗೆಯೇ ಹೇಳುವುದು" ಎಂದು ಅವರು ನಕ್ಕರು.

ಕಾರ್ಕಳದ ಬಸ್ಸು ಬಂತು. ಆ ಹಿರಿಯರು ಹತ್ತಿದರು. ಕಂಡಕ್ಟರು ವಾರಿಜಳ ಮುಖ ನೋಡಿದ. ನಾನೂ ನೋಡಿದೆ. ಅವಳು ಕೈಬೀಸಿ ಬಸ್ಸನ್ನು ಕಳಿಸಿದಳು. ಹುಲ್ಲಿನಿಂದ ಪ್ಲಗ್ ಎತ್ತಿ, ಕರವಸ್ತ್ರದಿಂದ ಒರೆಸಿ ನನ್ನ ಕೈಗಿಟ್ಟು, ಕ್ಲಾಸಿನಲ್ಲಿ ಹೇಳುವಂತೆ ತೀರ್ಪು ಕೊಟ್ಟಳು: "ನಿಂತಿತು ಅಂದ್ರೆ ಕರ್ತೃ ಬೈಕು. ನಿಲ್ಲಿಸಿದ್ದು ಅಂದ್ರೆ ಕರ್ತೃ ನೀವು. ಶರತ್ತು ಬೈಕಿಗೆ ಇದ್ದದ್ದು. ಹಾಕಿ, ಹೊರಡುವ."

ಬೈಕು ಉಳಿಯಿತಲ್ಲ ಎಂದು ಸುಮ್ಮನಿರಬೇಕಾದ ಬಾಯಿ ಕೇಳಿಯೇಬಿಟ್ಟಿತು. "ನಿನಗೆ ಇದು ಒಮ್ಮೆ ಹೋದರೆ ಸಾಕು ಅಂತ ಇರಲಿಲ್ವಾ?"

"ಬಸ್ಸಿನಲ್ಲಿ ಬಂದ್ರೆ ನೀವು ಉಡುಪಿಯಲ್ಲಿ ಪೇಪರ್ ಬಿಡಿಸಿದವರು ಕಾರ್ಕಳದಲ್ಲೇ ಮಡಚುವುದು. ಇದರಲ್ಲಿ ಆದ್ರೆ ಎಂತದಾದ್ರೂ ಕೇಳ್ತಾ ಇರ್ತೀರಿ."

"ಪ್ಲಗ್ಗಿನದ್ದು."

"ಪ್ಲಗ್ಗಿನದ್ದೇ ಆಗಲಿ. ಕೇಳುವುದು ನನ್ನ ಹತ್ರ ಅಲ್ವಾ."

ಪ್ಲಗ್ಗನ್ನು ತಿರುಗಿಸಿ ಕೂರಿಸಿದೆ. ಬೈಕು ಒಂದೇ ಒದೆತಕ್ಕೆ ಎದ್ದಿತು. ಸ್ವಲ್ಪ ದೂರ ಹೋದ ಮೇಲೆ, ಪ್ಲಗ್ಗನ್ನು ಬಿಟ್ಟು ಬೇರೆ ಏನಾದರೂ ಹೇಳಬೇಕೆಂದು ಬಹಳ ಯೋಚಿಸಿ, "ಸೀರೆ ಚೆಂದ ಉಂಟು" ಎಂದೆ.

"ಸೀರೆಯಾ? ಚಕ್ರಕ್ಕೆ ಸಿಕ್ಕಿತಾ?" ಎಂದು ಅವಳು ಸೆರಗನ್ನು ಎಳೆದುಕೊಂಡಳು.

"ಇಲ್ಲ ಮಾರಾಯ್ತಿ, ನಿನಗೆ ಒಪ್ತದೆ ಅಂತ ಹೇಳಿದ್ದು!"

ಅವಳು ಎರಡೂ ಕೈಯಿಂದ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ, "ನಿಜ ಹೇಳಿ, ಬ್ರೇಕ್ ಹೋಗಿದೆಯಾ?" ಎಂದು ಕೇಳಿದಳು.