ಬೆಟ್ಟಸ್ವಾಮಿ ಕೇಳದ ಕ್ಯಾಸೆಟ್

ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಎದುರು ಸಿದ್ದಲಿಂಗಮ್ಮ ರೆಕಾರ್ಡಿಂಗ್ ಸೆಂಟರ್ ಅಂತ ಒಂದು ಅಂಗಡಿ ಇತ್ತು. ಅಂಗಡಿ ಬೆಟ್ಟಸ್ವಾಮಿಯದು, ಬೋರ್ಡಿನ ಮೇಲಿನ ಹೆಸರು ಅವನ ತಾಯಿಯದು, ಬಾಗಿಲ ಪಕ್ಕದ ಎರಡಡಿ ಮೇಜು ನನ್ನದು. ನಾನು ಚಿಕ್ಕಮಾದು, ವಾಚ್ ರಿಪೇರಿ. ಹನ್ನೊಂದು ವರ್ಷ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಆ ಮೇಜಿನ ಹಿಂದೆ ಕೂತಿದ್ದೇನೆ; ಇನ್ನೊಂದು ಕಣ್ಣು ಬೆಟ್ಟಸ್ವಾಮಿಯ ಮೇಲೆಯೇ ಇರುತ್ತಿತ್ತು. ಹಾಗಾಗಿ ಅವನ ಕತೆ ಹೇಳುವ ಅಧಿಕಾರ ನನಗಿದೆ. ಬೇರೆ ಯಾರಾದರೂ ಹೇಳಿದರೆ ನಂಬಬೇಡಿ, ನಮ್ಮೂರಿನವರಿಗೆ ಉಪ್ಪುಖಾರ ಹಚ್ಚುವ ಚಟ ಜಾಸ್ತಿ.

ತೊಂಬತ್ತರ ದಶಕದಲ್ಲಿ ನಮ್ಮ ತಾಲ್ಲೂಕು ಯಾವ ಹಾಡು ಕೇಳಬೇಕು ಅನ್ನುವುದನ್ನು ತೀರ್ಮಾನ ಮಾಡುತ್ತಿದ್ದವನು ಬೆಟ್ಟಸ್ವಾಮಿ. ಮೂಗೂರಿನಿಂದ, ತಲಕಾಡಿನಿಂದ ಜನ ಬಂದು, ಕ್ಯಾಸೆಟ್ ಆರಿಸದೆ ಅವನ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಅವನು ಒಂದನ್ನು ತೆಗೆದು, ಅಂಗಿಗೆ ಒರೆಸಿ, ಕೈಗಿಡುತ್ತಿದ್ದ. "ಇದು ತಕ್ಕೊಂಡೋಗಿ ಸಾ. ಎ ಸೈಡು ಕಿವಿಗೆ, ಬಿ ಸೈಡು ಎದೆಗೆ." ಭಕ್ತಿಗೀತೆಗೂ ಅದೇ ಮಾತು, ಸಿನಿಮಾ ಹಾಡಿಗೂ ಅದೇ ಮಾತು. ಒಮ್ಮೆ ಯೋಗಾಸನದ ಕ್ಯಾಸೆಟ್ಟಿಗೂ ಅದನ್ನೇ ಹೇಳಿದ. ಕೊಂಡವನು ಮರುದಿನ ಬಂದು, ನೀವು ಹೇಳಿದ್ದು ಸರಿ ಅಂದ.

ನಿಜ ಏನೆಂದರೆ, ಬೆಟ್ಟಸ್ವಾಮಿ ತನ್ನ ಅಂಗಡಿಯ ಒಂದು ಕ್ಯಾಸೆಟ್ಟನ್ನೂ ಕೇಳಿದವನಲ್ಲ. ಅವನ ಕೆಲಸವೇ ಹಾಗಿತ್ತು. ಎರಡು ಬಾಯಿಯ ಟೇಪ್ ರೆಕಾರ್ಡರಿನ ಒಂದು ಬಾಯಿಗೆ ಹಾಡಿರುವ ಕ್ಯಾಸೆಟ್ ಹಾಕಬೇಕು, ಇನ್ನೊಂದಕ್ಕೆ ಖಾಲಿಯದು, ಆಮೇಲೆ ಹೈ ಸ್ಪೀಡ್ ಗುಂಡಿ ಒತ್ತಬೇಕು. ಒಂದು ಗಂಟೆಯ ಹಾಡು ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಆ ಸ್ಪೀಡಿನಲ್ಲಿ ಎಂಥ ದೊಡ್ಡ ಗಾಯಕರೂ ಇಲಿಮರಿಯ ಹಾಗೆ ಕಿಚಿಗುಟ್ಟುತ್ತಾರೆ. ಅದಕ್ಕೇ ಅವನು ವಾಲ್ಯೂಮ್ ಪೂರ್ತಿ ಇಳಿಸಿ ಕಡಲೆಪುರಿ ತಿನ್ನುತ್ತಾ ಕೂರುತ್ತಿದ್ದ. ಟಕ್ ಅಂದರೆ ಮುಗಿಯಿತು, ಮುಂದಿನದು.

ಆ ಕಾಲದಲ್ಲಿ 'ಹೊಳೆದಂಡೆಯ ದೀಪ' ಅಂತ ಒಂದು ಭಾವಗೀತೆಯ ಕ್ಯಾಸೆಟ್ ಬಂದಿತ್ತು. ಪೇಪರಿನಲ್ಲಿ ಬರೆದರು, ರೇಡಿಯೋದಲ್ಲಿ ಚರ್ಚೆ ಮಾಡಿದರು. ರಾಜ್ಯೋತ್ಸವದ ದಿನ ಲೆಕ್ಚರರ್ ಒಬ್ಬರು ಅದರ ಮೇಲೆ ಮುಕ್ಕಾಲು ಗಂಟೆ ಭಾಷಣ ಬಿಗಿದರು. ಆಮೇಲೆ ಅದಿಲ್ಲದ ಮನೆ ಮನೆಯೇ ಅಲ್ಲ ಅನ್ನುವಂತಾಯಿತು. ಬೆಟ್ಟಸ್ವಾಮಿ ಅಸಲಿ ಕ್ಯಾಸೆಟ್ಟನ್ನು ಯಾರೋ ಸಾಹೇಬರಿಂದ ಒಂದು ದಿನದ ಮಟ್ಟಿಗೆ ಇಸಿದುಕೊಂಡು, ತನಗೊಂದು ಮಾಸ್ಟರ್ ಕಾಪಿ ಮಾಡಿಟ್ಟುಕೊಂಡು, ಅದರಿಂದ ನಾನೂರಕ್ಕೆ ಕಮ್ಮಿಯಿಲ್ಲದಷ್ಟು ಮಾಡಿ ಹಂಚಿದ. ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ. ನಮ್ಮ ಮನೆಯಲ್ಲಿ ಅದು ಎ ಸೈಡಿನ ಅರ್ಧಕ್ಕೇ ನಿಂತಿತ್ತು, ಆ ಮಾತು ಬೇರೆ.

ಕೊಂಡವರಲ್ಲಿ ಚೈತ್ರ ಟೀಚರ್ ಒಬ್ಬರು. ನಂಜನಗೂಡಿನವರು, ಹೆಮ್ಮಿಗೆ ಶಾಲೆಯಲ್ಲಿ ಕೆಲಸ, ವಾರವೆಲ್ಲಾ ನಮ್ಮೂರಿನಲ್ಲೇ ಒಂದು ಬಾಡಿಗೆ ರೂಮಿನಲ್ಲಿ ವಾಸ. ದಿನಾ ಸಂಜೆ ಹೆಮ್ಮಿಗೆ ಬಸ್ಸಿನಿಂದ ಇಳಿದು ನಮ್ಮ ಅಂಗಡಿ ಮುಂದೆ ಹಾದು ಹೋಗುತ್ತಿದ್ದರು. ಆ ಬಸ್ಸು ಬರುವ ಐದು ನಿಮಿಷ ಮೊದಲು ಬೆಟ್ಟಸ್ವಾಮಿ ಬಾಚಣಿಗೆ ತೆಗೆಯುತ್ತಿದ್ದ. ಮೂವತ್ತೆರಡು ವಯಸ್ಸಾಗಿತ್ತು, ಏಳು ಕಡೆ ಹೆಣ್ಣು ನೋಡಿ ಏಳೂ ಕಡೆ ಬೇಡ ಅನ್ನಿಸಿಕೊಂಡಿದ್ದ. ಎರಡು ವರ್ಷ ಹೀಗೆ ಬರೀ ತಲೆ ಬಾಚುವುದರಲ್ಲೇ ಕಳೆದ. ಕೊನೆಗೆ ತೊಂಬತ್ತಾರರಲ್ಲಿ ನಾನೇ ಬೈದು, ಅವನ ತಾಯಿಗೆ ವಿಷಯ ಮುಟ್ಟಿಸಿದೆ. ಜನವೂ ಒಂದೇ, ದೂರದ ನೆಂಟಸ್ತಿಕೆಯೂ ಇತ್ತು. ಟೀಚರ ತಂದೆ ಗುರುಮಲ್ಲಪ್ಪನವರು, ಭಾನುವಾರ ಬನ್ನಿ ಅಂತ ಹೇಳಿ ಕಳಿಸಿದರು.

ನಾನೂ ಜೊತೆಗೆ ಹೊರಟೆ. ನಂಜನಗೂಡಿನ ಬಸ್ಸಿನಲ್ಲಿ ಬೆಟ್ಟಸ್ವಾಮಿ ತಾಯಿಗೆ ಬೋಧನೆ ಮಾಡಿದ. "ಅವ್ವ, ಅಲ್ಲಿ ನೀನು ಬಾಯೇ ಬುಡ್ಬ್ಯಾಡ. ನಿಂಗೆ ಸುರು ಮಾಡೋದು ಗೊತ್ತು, ನಿಲ್ಸೋದು ಗೊತ್ತಿಲ್ಲ." ಸಿದ್ದಲಿಂಗಮ್ಮನಿಗೆ ಸಿಟ್ಟು ಬಂತು. ಆದರೂ ಮಗನ ಎಂಟನೇ ಹೆಣ್ಣಲ್ಲವೇ, ಸೆರಗು ಬಾಯಿಗೆ ಒತ್ತಿಕೊಂಡು ಕೂತರು.

ಗುರುಮಲ್ಲಪ್ಪನವರ ಮನೆಯಲ್ಲಿ ಉಪ್ಪಿಟ್ಟಾಯಿತು, ರಸಬಾಳೆ ಆಯಿತು. ಚೈತ್ರ ಕಾಫಿ ತಂದು, ತಟ್ಟೆ ಕೈಯಲ್ಲಿ ಹಿಡಿದೇ ನಿಂತು, ಕ್ಲಾಸಿನಲ್ಲಿ ಕೇಳುವ ಹಾಗೆ ಕೇಳಿದರು. "ನಿಮ್ಮಂಗ್ಡೀಲಿ 'ಹೊಳೆದಂಡೆಯ ದೀಪ' ತಗೊಂಡಿದ್ದೆ. ಅದ್ರಲ್ಲಿ ನಿಮಗೆ ಯಾವ್ದು ಇಷ್ಟ?"

"ಬಿ ಸೈಡು ಟೀಚರ್. ಎರಡನೇದು."

"ಎರಡನೇದಾ?"

"ಕೇಳ್ದಾಗೆಲ್ಲಾ ಕಣ್ಣಲ್ಲಿ ನೀರು ಬಂದ್ಬುಡ್ತದೆ. ಅದೇನ್ ಸಾಹಿತ್ಯ, ಅದೇನ್ ಗಂಟ್ಲು. ತಪಸ್ಸು ಮಾಡಿರ್ಬೇಕು ಆಯಮ್ಮ."

ಟೀಚರ್ ತುಟಿ ಕಚ್ಚಿಕೊಂಡರು. ಅಷ್ಟು ಹೊತ್ತು ಉಸಿರು ಹಿಡಿದಿದ್ದ ಸಿದ್ದಲಿಂಗಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಅವನ್ಗೆ ಮೂರೊತ್ತೂ ಅದೇ ಗ್ಯಾನ ಕಣವ್ವ, ಊಟ ನಿದ್ದೆ ಬ್ಯಾಡ" ಅಂತ ಒಂದು ಸುಳ್ಳು ಬಿಟ್ಟರು. ಆ ದನಿ ಕೇಳಿದ್ದೇ ತಡ, ಚೈತ್ರ ಗಕ್ಕನೆ ತಿರುಗಿ ಅವರನ್ನೇ ನೋಡಿದರು. ಕೈಯಲ್ಲಿದ್ದ ತಟ್ಟೆ ಠಣಾರನೆ ನೆಲಕ್ಕೆ ಬಿತ್ತು. ಮುಖ ಮುಚ್ಚಿಕೊಂಡು ಒಳಗೆ ಓಡಿದರು. ಒಳಗಿನಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು ತುಂಬಾ ಹೊತ್ತು ಬರುತ್ತಿತ್ತು. ಗುರುಮಲ್ಲಪ್ಪನವರು ಒಳಗೆ ಹೋಗಿ ಬಂದು, "ಶನಿವಾರ ಸ್ಕೂಲು ಬಿಟ್ಟ ಮೇಲೆ ನಿಮ್ಮಂಗ್ಡೀಗೇ ಬಂದು ಉತ್ರ ಹೇಳ್ತಾಳಂತೆ" ಅಂದರು.

ವಾಪಸ್ ಬಂದು ಸಿದ್ದಲಿಂಗಮ್ಮನನ್ನು ಮನೆಗೆ ಕಳಿಸಿದ ಮೇಲೆ ನಾನು ಹೇಳಿದೆ. "ಆ ಬಿ ಸೈಡ್ನಾಗೆ ಏನೋ ಅದೆ ಕಣ್ಲಾ. ಆಕು." ಮೊದಲ ಸಲ ವಾಲ್ಯೂಮ್ ಏರಿಸಿ ಮಾಸ್ಟರ್ ಕಾಪಿಯನ್ನು ಹಾಕಿದ. ಮೊದಲನೆಯ ಹಾಡು ಮುಗಿಯಿತು. ಎರಡನೆಯದಕ್ಕೆ ಕೊಳಲು ಶುರುವಾಗಿ, ನಡುವೆಯೇ ಕಟ್ ಆಗಿ, ಬಸ್ಸಿನ ಹಾರ್ನ್ ಕೇಳಿಸಿತು. ಅದರ ಹಿಂದೆಯೇ ಸಿದ್ದಲಿಂಗಮ್ಮನ ಕಂಚಿನ ಕಂಠ.

"ಇದೇನ್ ಆಡೋ ಏನ್ ಗೋಳೋ ಚಿಕ್ಕಮ್ಮ. ನನ್ ಮಗ ಒಂದ್ನೂ ಕೇಳಲ್ಲ ಕಣವ್ವ. ಪೆಟ್ಗೆ ತಿರುಗ್ತಾ ಇರ್ತದೆ, ಇವ್ನು ಪುರಿ ತಿಂತಾ ಕುಂತಿರ್ತಾನೆ. ಜಿರ್ಲೆ ಕಂಡ್ರೆ ಮಂಚ ಅತ್ತಾನೆ. ಮುದ್ದೆ ಮೂರು ಬೇಕು..."

ಬೆಟ್ಟಸ್ವಾಮಿ ಹಣೆ ಹಣೆ ಚಚ್ಚಿಕೊಂಡ. ಆಗಿದ್ದು ಇಷ್ಟು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತದೆ, ಅದನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಈ ಪುಣ್ಯಾತ್ಮ ಮಾಸ್ಟರ್ ಕಾಪಿಯದನ್ನು ಮುರಿಯಲು ಮರೆತಿದ್ದ. ತೊಂಬತ್ತಮೂರರಲ್ಲಿ ಒಂದು ದಿನ ಅವನು ಮೈಸೂರಿಗೆ ಖಾಲಿ ಕ್ಯಾಸೆಟ್ ತರಲು ಹೋದಾಗ ಅಂಗಡಿಯಲ್ಲಿ ಕೂತ ತಾಯಿ, ಕ್ಯಾಸೆಟ್ ಹಾಡುತ್ತಿದ್ದಾಗಲೇ ಅದನ್ನು ನಿಲ್ಲಿಸಲೆಂದು ಕೆಂಪು ಗುಂಡಿ ಒತ್ತಿದ್ದಾರೆ. ಸೆಟ್ಟಿನಲ್ಲೇ ಮೈಕ್ ಇತ್ತು. ಹೂ ಮಾರುವ ಚಿಕ್ಕಮ್ಮನ ಜೊತೆ ಆಡಿದ ಇಪ್ಪತ್ತು ನಿಮಿಷದ ಮಾತು ಪೂರ್ತಿ ತುಂಬಿಕೊಂಡಿದೆ. ಆಮೇಲೆ ಅದೇ ನಾನೂರು ಮನೆಗೆ ಹೋಗಿದೆ.

ನಾನು ನಕ್ಕ ನಗುವಿಗೆ ಭೂತಗನ್ನಡಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ನಾನೂರು ಮನೆ ಸ್ವಾಮಿ. ಒಬ್ಬನಾದರೂ ಬಂದು ಕೇಳಿದ್ದಾನೆಯೇ. ಲೆಕ್ಚರರು ಬಿ ಸೈಡಿನ ಕಾವ್ಯಶಕ್ತಿ ಅಂತ ಬೇರೆ ಅಂದಿದ್ದರು. ಇಡೀ ತಾಲ್ಲೂಕು ಕೇಳದೆಯೇ ತಲೆದೂಗಿತ್ತು. ಕ್ಯಾಸೆಟ್ಟಿನಲ್ಲಿ ಸಿದ್ದಲಿಂಗಮ್ಮ ಹುರುಳಿ ಸಾರು ಮಾಡುವುದು ಹೇಳಿ, ನಾದಿನಿಯನ್ನು ಬೈದು, ಕೊನೆಗೆ ತಮ್ಮ ಆಪರೇಷನ್ ವಿಷಯಕ್ಕೆ ಬಂದರು. "ಮೈಸೂರಾಸ್ಪತ್ರೇಲಿ ಅಳ್ತಾ ಮಲ್ಗಿವ್ನಿ. ಗಂಡುಸ್ರನ್ನ ಒಳೀಕೆ ಬುಡಲ್ಲ. ಆಗ ನನ್ ಮಗ ಏನ್ ಮಾಡ್ದ ಗೊತ್ತಾ ಚಿಕ್ಕಮ್ಮ" ಅನ್ನುವಷ್ಟರಲ್ಲಿ ಟೇಪ್ ಮುಗಿದು ಟಕ್ ಅಂತು.

"ಏನ್ಲಾ ಮಾಡ್ದೆ?" ಅಂತ ಕೇಳಿದೆ. ಅವನ ಕಿವಿ ಕೆಂಪಗಾಯಿತು. "ಏನೂ ಇಲ್ಲ ಬುಡ್ಲಾ" ಅಂದ.

ಅವನಿಗೆ ಆ ಚಿಂತೆಯೇ ಅಲ್ಲ. ಟೀಚರ್ ಬಿ ಸೈಡು ಕೇಳಿದ್ದಾರೆ, ತಾನು ಹಸಿ ಸುಳ್ಳ ಅನ್ನುವುದು ಅವರಿಗೆ ಗೊತ್ತಾಗಿದೆ. "ಇವ್ರು ಬ್ಯಾಡ ಅಂದ್ರೆ ನಾನು ಇನ್ಯಾರ್ನೂ ನೋಡಲ್ಲ ಕಣ್ಲಾ" ಅಂದ. ಆ ಮಾತು ಕೇಳಿ ನನ್ನ ನಗು ನಿಂತಿತು. ನಾನೇ ಉಪಾಯ ಹೇಳಿಕೊಟ್ಟೆ. ಅಸಲಿ ಕ್ಯಾಸೆಟ್ ತಂದು ಪೂರ್ತಿ ಕೇಳಿಬಿಡು, ಕಾಪಿ ಕೆಟ್ಟಿತ್ತು, ನಾನು ಕೇಳುತ್ತಿದ್ದುದು ಅಸಲಿ ಅಂದುಬಿಡು.

ಶುಕ್ರವಾರ ಮಧ್ಯಾಹ್ನ ಬಾಗಿಲು ಅರ್ಧ ಎಳೆದುಕೊಂಡು ಇಬ್ಬರೂ ಚಕ್ಕಂಬಕ್ಕಳ ಹಾಕಿ ಕೂತೆವು. ಮೊದಲ ಹಾಡಿಗೆ ಇಬ್ಬರೂ ತಲೆಯಾಡಿಸಿದೆವು. ಎರಡನೆಯದಕ್ಕೆ ನಾನೊಬ್ಬನೇ ಆಡಿಸಿದೆ. ಮೂರನೆಯದರಲ್ಲಿ ದೋಣಿ, ಬೆಳಕು, ಮತ್ತೆ ದೋಣಿ. ನೋಡಿದರೆ ಬೆಟ್ಟಸ್ವಾಮಿ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದೆ.

"ಎಂಗದ್ಲಾ?" ಅಂದ.

"ನೀನೇ ಯೋಳು."

"ನೀನ್ ಯೋಳು ಮದ್ಲು."

ಪೇಪರಿನವರೂ ಲೆಕ್ಚರರೂ ಹಿಂದೆ ನಿಂತಿದ್ದಾರೇನೋ ಅನ್ನುವಂತೆ ಇಬ್ಬರೂ ಸುತ್ತ ನೋಡಿದೆವು. ಆಮೇಲೆ ಬೆಟ್ಟಸ್ವಾಮಿ ಮೆಲ್ಲಗೆ, "ಬೋರು ಕಣ್ಲಾ" ಅಂದ. ಆ ಒಂದು ಮಾತಿಗೆ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ನಕ್ಕು ಮುಗಿದ ಮೇಲೆ ಅವನ ಮುಖ ಮತ್ತೆ ಸಪ್ಪಗಾಯಿತು. ನಾನು ಹಾಡುಗಳ ಹೆಸರನ್ನೂ ಒಂದೊಂದಕ್ಕೆ ಒಂದೊಂದು ಹೊಗಳಿಕೆಯನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಅವನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ.

ಶನಿವಾರ ಒಂದೂವರೆಗೆ ಟೀಚರ್ ಬಂದರು. ನಾನು ಕೆಟ್ಟುಹೋಗಿಲ್ಲದ ಒಂದು ವಾಚ್ ಬಿಚ್ಚಿಕೊಂಡು ತಲೆ ಬಗ್ಗಿಸಿದೆ. ಬೆಟ್ಟಸ್ವಾಮಿ ಎದ್ದು ನಿಂತು, "ಮೊದಲ್ನೇ ಹಾಡಿನ ರಾಗ ಸಂಯೋಜನೆ ಮನಸ್ಸಿಗೆ..." ಅಂತ ಶುರು ಮಾಡಿದವನು ಅಲ್ಲಿಗೇ ನಿಂತುಬಿಟ್ಟ.

"ಇಲ್ಲ ಟೀಚರ್. ನಾನು ಇದ್ನ ಕೇಳೇ ಇರ್ನಿಲ್ಲ. ಇಲ್ಲಿರೋ ಯಾವ್ದ್ನೂ ಕೇಳಿಲ್ಲ. ಅಸ್ಲಿದು ನಿನ್ನೆ ತಂದು ಕೇಳ್ದೆ, ಮೂರ್ನೇದಕ್ಕೆ ನಿದ್ದೆ ಬಂದ್ಬುಡ್ತು. ನೀವು ದೊಡ್ಡದಾಗಿ ಓದಿರೋರು. ಬ್ಯಾಡ ಅನ್ನಿ, ಬೇಜಾರಿಲ್ಲ."

ನನಗೆ ಎದ್ದು ಹೋಗಿ ಒಂದು ಬಿಡೋಣ ಅನ್ನಿಸಿತು. ಹಿಂದಿನ ದಿನದ ಪಾಠವನ್ನೆಲ್ಲಾ ಮಣ್ಣುಪಾಲು ಮಾಡಿದ್ದ. ಆದರೆ ಟೀಚರ್ ಸ್ಟೂಲು ಎಳೆದುಕೊಂಡು ಕೂತರು.

"ನಂಗೂ ಮೂರನೇದಕ್ಕೇ ನಿದ್ದೆ ಬಂದಿತ್ತು. ನಮ್ಮಣ್ಣ ಕೊಡಿಸಿದ ಸೆಟ್ಟು, ಕ್ಯಾಸೆಟ್ ತಾನೇ ತಿರುಗಿಸ್ಕೊಂಡು ಬಿ ಸೈಡು ಹಾಡುತ್ತೆ. ಎಚ್ಚರ ಆದ್ರೆ ರೂಮಲ್ಲಿ ಯಾರೋ ಹೆಂಗಸು ಹುರುಳಿ ಸಾರಿಗೆ ಎಷ್ಟು ಬೆಳ್ಳುಳ್ಳಿ ಹಾಕ್ಬೇಕು ಅಂತ ಹೇಳ್ತಾವ್ರೆ. ನಮ್ಮವ್ವ ತೀರ್ಕೊಂಡು ಆಗ ಐದು ತಿಂಗ್ಳಾಗಿತ್ತು." ಕೈಯಲ್ಲಿದ್ದ ಛತ್ರಿಯನ್ನು ನನ್ನ ಮೇಜಿಗೆ ಒರಗಿಸಿದರು. "ಎರಡು ವರ್ಷದಿಂದ ದಿನಾ ಅಡುಗೆ ಮಾಡ್ವಾಗ ಹಾಕ್ಕೋತೀನಿ. ಮನೇಲಿ ಜನ ಇದ್ದಂಗಿರುತ್ತೆ. ಅದು ಯಾರ ದನಿ ಅಂತ ಮೊನ್ನೆ ಭಾನುವಾರವೇ ಗೊತ್ತಾಗಿದ್ದು."

ಬೆಟ್ಟಸ್ವಾಮಿ ಟೇಪ್ ರೆಕಾರ್ಡರಿನ ಕಡೆ ತಿರುಗಿ ನೋಡಿದ.

"ಈಗ ಹೇಳಿ, ಆಸ್ಪತ್ರೇಲಿ ನೀವು ಏನ್ ಮಾಡಿದ್ರಿ? ಟಕ್ ಅಂತ ನಿಂತ್ಹೋಗುತ್ತೆ. ಎರಡು ವರ್ಷದಿಂದ ತಲೆ ಕೆಡಿಸ್ಕೊಂಡಿದೀನಿ."

"ಅದೊಂದ್ ಮಾತ್ರ ಕೇಳ್ಬ್ಯಾಡಿ ಟೀಚರ್."

"ಹಾಗಾದ್ರೆ ಅವರನ್ನೇ ಕೇಳ್ತೀನಿ" ಅಂತ ಛತ್ರಿ ಎತ್ತಿಕೊಂಡು ಹೊರಟೇಬಿಟ್ಟರು. ನಾವಿಬ್ಬರೂ ಅಂಗಡಿ ಹಾಗೇ ಬಿಟ್ಟು ಹಿಂದೆ ಓಡಿದೆವು.

ಸಿದ್ದಲಿಂಗಮ್ಮ ಹಜಾರದಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಹುಡುಗಿ ತಾನಾಗಿ ಬಂದಳೆಂದು ಗಾಬರಿ, ತಮ್ಮ ಮಾತು ನಾನೂರು ಮನೆಯಲ್ಲಿದೆ ಎಂದು ತಿಳಿದು ಇನ್ನೊಂದು ಗಾಬರಿ. "ನಾದಿನಿ ಇಸ್ಯನೂ ಅದ್ಯಾ?" ಅಂತ ಕೇಳಿದರು. ಇದೆ ಅಂದೆವು. ಒಂದು ಗಳಿಗೆ ಯೋಚಿಸಿ, "ಇರ್ಲಿ ಬುಡು, ಗೊತ್ತಾಗ್ಲಿ" ಅಂದರು. ಆಮೇಲೆ ಚೈತ್ರ ಪಕ್ಕದಲ್ಲಿ ಕೂತು ಕೇಳಿದ್ದಕ್ಕೆ, ಮೂರು ವರ್ಷದ ಹಿಂದೆ ನಿಂತ ಮಾತನ್ನು ಎತ್ತಿಕೊಂಡರು.

"ಇವ್ನು ಕಿಟ್ಕಿ ಕೆಳ್ಗೆ ನಿಂತ್ಕಂಡ ಕಣವ್ವ. ಅವ್ವ ಅಳ್ಬ್ಯಾಡ ಅಂತ, ನಾನು ತೊಟ್ಲಾಗೆ ಇವ್ನಿಗೆ ಯೋಳ್ತಿದ್ದ ಜೋಗುಳನೇ ಗಟ್ಟಿಯಾಗಿ ಆಡ್ದ. ಕತ್ತೆ ವಾಸಿ. ವಾರ್ಡ್ನೋರೆಲ್ಲ ಎದ್ ಕುಂತು ನಗೋರೆ. ನಂಗೆ ನಕ್ಕು ನಕ್ಕು ಆಪ್ರೇಸನ್ ಒಲ್ಗೆ ಬಿಟ್ಕತದೇನೋ ಅಂತ ಬಯ. ವಾಚ್ಮನ್ ಬಂದು ಕತ್ತಿಡ್ದು ಆಚೀಕೆ ದಬ್ಬುತಾ ಅವ್ನೆ, ಇವ್ನು ಆಡ್ತಾನೇ ಅವ್ನೆ."

"ಹಾಡಿ" ಅಂದರು ಚೈತ್ರ.

"ಅಯ್ಯೋ ಟೀಚರ್."

"ನಾನೂರು ಜನಕ್ಕೆ ಮೋಸ ಮಾಡಿದೀರಿ. ಹಾಡಿ."

ಹಾಡಿದ. ಕಂಬ ಹಿಡಿದುಕೊಂಡು, ಕಣ್ಣು ಮುಚ್ಚಿ, ಪೂರ್ತಿ ದನಿಯಲ್ಲಿ ಹಾಡಿದ. ನನಗೆ ಸಂಗೀತ ಬರುವುದಿಲ್ಲ, ಆದರೂ ಹೇಳುತ್ತೇನೆ, ಅಂಥ ಕೆಟ್ಟ ಹಾಡುಗಾರಿಕೆಯನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಚೈತ್ರ ಮೊದಲು ಸೆರಗು ಕಚ್ಚಿಕೊಂಡರು, ಆಮೇಲೆ ಹೊಟ್ಟೆ ಹಿಡಿದುಕೊಂಡು ರಾಗಿ ಹಿಟ್ಟಿನ ಮೇಲೇ ವಾಲಿಬಿಟ್ಟರು. ನಗುತ್ತಾ ನಗುತ್ತಾ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಇವನೋ ಎರಡನೇ ಚರಣಕ್ಕೆ ಉಸಿರೆಳೆದುಕೊಂಡ.

ಚೈತ್ರ ಸಿದ್ದಲಿಂಗಮ್ಮನ ತೋಳು ಗಟ್ಟಿಯಾಗಿ ಹಿಡಿದುಕೊಂಡು ಅಂದರು:

"ಅವ್ವಾ, ಸಾಕು ಅನ್ನವ್ವ ಅವ್ರಿಗೆ."